ಗಡಿನಾಡಿನ ಭಜನಾ ಮೇಳ: ಮೊದಲ ದಿನಗಳು



ಅನ್ಯರು ರಚಿಸಿದ ಹಾಡುಗಳನ್ನೇ ಆಯ್ದು ಹಾಡುವ ಗೋಷ್ಠಿಗಳು ಜಗತ್ತಿನಲ್ಲೆಲ್ಲ ಇವೆ. ಅಮೆರಿಕೆಯಲ್ಲಿ ‘ಸೋಲ್’, ಎಂದರೆ ಆತ್ಮಸಂಗೀತವೆಂದು ಹೆಸರಾದ ಪದ್ಧತಿಯು, ಆಫ್ರಿಕಾಮೂಲದ ಜನರು ಇಗರ್ಜಿಗಳಲ್ಲಿ ಹಾಡುತ್ತಿದ್ದ ಭಕ್ತಿಗೀತಗಳಿಂದ 1950ರ ದಶಕದಲ್ಲಿ ಮೂಡಿತು. ರೇ ಚಾರ್ಲ್ಸ್ ಎಂಬ ಅಂಧ ಗಾಯಕನು 1954ರಲ್ಲಿ ಅಂಥದೊಂದು ಗೀತದ ಧಾಟಿಗೆ ಪ್ರೇಮದ ಮಾತುಗಳನ್ನು ಹೊಂದಿಸಿ ಧ್ವನಿಮುದ್ರಿಸಿದನು. ಅಲ್ಲಿ ದೇವರ ಧಾಟಿ ಲೋಕಕ್ಕೆ ಇಳಿಯಿತು. ನಮ್ಮ ಸೀಮೆಯಲ್ಲಿ ನಡೆದದ್ದು ಇದರ ತಿರುವು. ನಾಟಕದ ಧಾಟಿಯನ್ನೂ, ಈಚೆಗೆ ಸಿನಿಮಾದ ಧಾಟಿಯನ್ನೂ ತಂದು ನಮ್ಮವರು ತತ್ತ್ವಪದಕ್ಕೆ ತೊಡಿಸಿದರು. ಇದನ್ನು ಕೆಲವು ಪಂಡಿತರು ಆಕ್ಷೇಪಿಸುವುದುಂಟು. ನಾನು ಆ ಪಂಕ್ತಿಯಲ್ಲಿ ಇಲ್ಲ.

ಭಜನಾ ಮೇಳ ಹುಟ್ಟುವ ಬಗೆ ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಮಠದ ಅಥವಾ ಹನುಮಂತದೇವರ ಗುಡಿಯ ಕಟ್ಟೆ. ಶ್ರಾವಣದ ಸೋಮವಾರ ಇಲ್ಲವೇ ಅಮಾವಾಸ್ಯೆಯ ರಾತ್ರಿ. ಒಬ್ಬನ ಕೈಯಲ್ಲಿ ಏಕತಾರಿ, ಇನ್ನಿಬ್ಬರಲ್ಲಿ ತಾಳ ಮತ್ತು ದಮ್ಮಡಿ. ಹಾರ್ಮೋನಿಯಂ ಬರುವುದು ಸುಗ್ಗಿ ಮುಗಿದು ನಾಲ್ಕು ಮನೆಯವರು ವಂತಿಗೆ ಕೂಡಿಸಿದ ಮೇಲೆ. ಮೊದಮೊದಲು ಬರುವ ಪದಗಳು ನಾಲ್ಕೋ ಐದೋ. ಅವನ್ನೇ ತಿರುತಿರುಗಿ ಹಾಡಿ ಬೆಳಗು ಮಾಡಬೇಕು. ನೆರೆಯೂರಿನ ಮೇಳದೊಡನೆ ಸವಾಲ್-ಜವಾಬಿಗೆ ಕುಳಿತ ರಾತ್ರಿ, ಗೆದ್ದವರಿಗಿಂತ ಸೋತವರಿಗೇ ಲಾಭ ಹೆಚ್ಚು. ಹತ್ತು ಹೊಸ ಪದಗಳು ಅವರ ಕಿವಿಗೆ ಬಿದ್ದಿರುತ್ತವೆ!

ಆ ಪದಗಳು ಯಾರವು? ಕಡಕೋಳ ಮಡಿವಾಳಪ್ಪನವರವು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರವು, ಶಿಶುನಾಳ ಶರೀಫಸಾಹೇಬರವು (1819-1889). ನಮ್ಮ ಜಹೀರಾಬಾದಿಗೆ ಸಮೀಪದ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳು (1817-1865) ಕನ್ನಡ, ಮರಾಠಿ ಮೊದಲಾದ ಹಲವು ನುಡಿಗಳಲ್ಲಿ ಪದಗಳನ್ನು ಕಟ್ಟಿದರು. ಈ ಪದಗಳಲ್ಲಿ ಒಂದು ವಿಶೇಷವುಂಟು: ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಅಕ್ಷರವರಿಯದ ಗಾಯಕನೂ ಅದನ್ನು ಬಿಟ್ಟು ಹಾಡಲಾರನು. ಪರರ ಹಾಡನ್ನು ತನ್ನದೆಂದು ಹೇಳಿಕೊಳ್ಳಲು ನಮ್ಮ ಮೇಳದಲ್ಲಿ ದಾರಿಯೇ ಇಲ್ಲ.

1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಒಡೆದು ಹಂಚಿಹೋಯಿತು. ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ಜಹೀರಾಬಾದು ತಾಲ್ಲೂಕಿನ ಬಹುಭಾಗ, ಕಲಬುರ್ಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಉಳಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಬದಲಾಯಿತು. ಗುಡಿಯ ಕಟ್ಟೆಯ ಭಾಷೆ ಮಾತ್ರ ಬದಲಾಗಲಿಲ್ಲ.

ಆದರೆ ಈಚೆಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಹೊಸದಾಗಿ ಮೇಳ ಕಟ್ಟಿದ ತರುಣನೊಬ್ಬನು ತನ್ನ ಪದಗಳ ವಹಿಯನ್ನು ತಂದು ತೋರಿಸಿದನು. ಪದಗಳೆಲ್ಲ ಕನ್ನಡದವು, ಲಿಪಿ ತೆಲುಗಿನದು! ನಗಬೇಡಿರಿ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು. ನಮ್ಮ ಳಕಾರ, ಹ್ರಸ್ವ ಎಕಾರ, ಒಕಾರಗಳು ತೆಲುಗಿನಲ್ಲಿಯೂ ಇವೆ. ಅವನ ಉಚ್ಚಾರದಲ್ಲಿ ಒಂದು ತಪ್ಪೂ ಇರಲಿಲ್ಲ. “ಗುರುಗಳೇ, ಬಯಲು ಬಯಲು ಎಂದು ಹಾಡುತ್ತೇವಲ್ಲ, ಊರ ಹೊರಗಿನ ಬಯಲೇ?” ಎಂದು ಕೇಳಿದನು. ತೆಲುಗಿನಲ್ಲಿಯೂ ಆ ಶಬ್ದವುಂಟು, ಅರ್ಥವೂ ತೆರೆದ ಜಾಗವೆಂದೇ. ಆದರೆ ತತ್ತ್ವಪದದ ಬಯಲು ನಿರಾಕಾರವಾದ ಪರವಸ್ತು. ಆಕಾರವೆಲ್ಲ ಅಳಿದು ಜೀವನು ಅಲ್ಲಿ ಒಂದಾಗಬೇಕು. ಇದನ್ನು ತಿಳಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅದೇ ಪದವನ್ನು ಕಾಲವನ್ನು ತಗ್ಗಿಸಿ ಮತ್ತೊಮ್ಮೆ ಹಾಡಿದನು.

ಲಿಪಿ ಹೋದರೂ ಪದ ಉಳಿಯಬಹುದು. ಅರ್ಥ ಹೋದರೆ ಅಂಕಿತವೂ ಬರಿಯ ಸದ್ದು. ಆದುದರಿಂದ ಸಂಘದಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಮೇಳದ ವಹಿಗಳು ಯಾವ ಲಿಪಿಯಲ್ಲಿದ್ದರೂ ತನ್ನಿರಿ. ಎಡಪುಟದಲ್ಲಿ ತೆಲುಗು ಲಿಪಿ, ಬಲಪುಟದಲ್ಲಿ ಕನ್ನಡ ಲಿಪಿ, ಅಡಿಯಲ್ಲಿ ಕಠಿಣ ಶಬ್ದಗಳ ಅರ್ಥ, ಹೀಗೆ ಬರೆದು ಹಿಂದಿರುಗಿಸೋಣ. ಬರೆಯುವ ಕೆಲಸವನ್ನು ನಾನೂ ನನ್ನ ವಿದ್ಯಾರ್ಥಿಗಳೂ ವಹಿಸಿಕೊಳ್ಳುತ್ತೇವೆ. ವಹಿಯಿಲ್ಲದೆ ಬಾಯಲ್ಲೇ ಪದಗಳನ್ನಿಟ್ಟುಕೊಂಡ ವೃದ್ಧರಿದ್ದರೆ ಮೊದಲು ಅವರ ಹೆಸರನ್ನು ಹೇಳಿರಿ. ಅವರ ಮನೆಗೆ ನಾವೇ ಹೋಗುತ್ತೇವೆ.