ಲೆಕ್ಕದ ಡಿಸ್ಕಿನ ಆರೋಗ್ಯ



ನಮ್ಮ ಸಂಘದ ಷೇರು, ಸಾಲ, ಠೇವಣಿಯ ಲೆಕ್ಕದ ಪ್ರತಿ ಈಗ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿದೆ. ಲೆಡ್ಜರಿಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣ್ತಿತ್ತು. ಇದರ ರೋಗ ಹೊರಗೆ ಕಾಣೋದಿಲ್ಲ. ಒಳಗಿನ ತಟ್ಟೆ ತಿರುಗುವಾಗ ಎಳೆದಾಡಿದರೆ ಗೀರು ಬೀಳಬಹುದು. ಡಿಸ್ಕು ತನ್ನ ದೋಷವನ್ನು ತಾನೇ ಬರೆದಿಡುವ 'ಸ್ಮಾರ್ಟ್' ಎಂಬ ಏರ್ಪಾಡಿದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ಕೆಟ್ಟ ಸೆಕ್ಟರುಗಳ ಎಣಿಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬಾರದು.

'ಗುಡ್' ಎಂದು ತೋರಿಸಿದರೂ ನಿಶ್ಚಿಂತೆಯಿಲ್ಲ. 2007ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ! ಆದ್ದರಿಂದ ಎರಡನೇ ಡಿಸ್ಕೊಂದು ಬೇರೆ ಕಟ್ಟಡದಲ್ಲಿರಲಿ. ಪ್ರತಿ ತಿಂಗಳೂ ಅದರಿಂದ ಯಾರದಾದರೊಂದು ಖಾತೆ ತೆರೆದು ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ.