ಬೆಳ್ಳಿಯ ಕಾಫಿಗಿಂಡಿ

ಹಳೆಯ ಯಲಹಂಕದಲ್ಲಿ ನನ್ನ ಸ್ನೇಹಿತರೊಬ್ಬರ ಮನೆಯಿದೆ. ಅಣ್ಣತಮ್ಮಂದಿರು ಮೂವರು. ಮನೆಯ ಪಾತ್ರೆಪದಾರ್ಥಗಳು ಪಾಲಾಗುವ ದಿನ ನನ್ನನ್ನೂ ಕರೆದಿದ್ದರು. ಕಂಚು ಹಿತ್ತಾಳೆಗಳು ಸುಲಭವಾಗಿ ಹಂಚಿಹೋದವು. ಉಳಿದದ್ದು ತಾತನ ಕಾಲದ ಒಂದು ಕಾಫಿಗಿಂಡಿ. ಗಟ್ಟಿ ಬೆಳ್ಳಿಯದು, 60 ತೊಲ, ಎಂದರೆ ಸುಮಾರು 700 ಗ್ರಾಂ ತೂಕ. ಕರಗಿಸಿ ಹಂಚಿಕೊಳ್ಳೋಣವೆಂದರು ಕಿರಿಯವರು.

ಗಿಂಡಿಯ ತಳದಲ್ಲಿ ಬಾರ್ಟನ್ ಮಳಿಗೆಯ ಮುದ್ರೆಯಿತ್ತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಹಿಂದೆ ಹೆಸರಾಗಿದ್ದ ಬೆಳ್ಳಿಬಂಗಾರದ ಮಳಿಗೆ ಅದು. ಗಿಂಡಿಯ ಮೈತುಂಬ ಉಬ್ಬುಗೆಲಸ. ಸಾಲು ಕಮಾನುಗಳು, ಒಂದೊಂದರೊಳಗೂ ಒಬ್ಬೊಬ್ಬ ದೇವರು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಮಳಿಗೆಯೂ ಮಾರುತ್ತಿದ್ದ ಈ ಬಗೆಯನ್ನು ಆಂಗ್ಲರು ‘ಸ್ವಾಮಿ’ ಕೆಲಸವೆಂದು ಕರೆದರು. 1875-76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದುಹೋದ ಕಾಲದಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆಯಿತ್ತು. ನಮ್ಮ ಗಣಪತಿ, ವೇಣುಗೋಪಾಲರು ದೊರೆಗಳ ಮೇಜಿನ ಮೇಲೆ ಹಾಲು ಸಕ್ಕರೆಗಳ ನಡುವೆ ನಿಂತದ್ದು ಹೀಗೆ. ಅವರಿಗೆ ಅದು ನೈವೇದ್ಯವೆನಿಸಿತೋ ಏನೋ!

ಮುಚ್ಚಳ ತೆಗೆದು ನೋಡಿದೆ. ಹೊರಗೆ ಉಬ್ಬಿದ್ದೆಲ್ಲ ಒಳಗೆ ತಗ್ಗು. ಇಂಥ ಪಾತ್ರೆಯನ್ನು ತಗಡಿನಿಂದ ಬಡಿದು ಬಡಿದು ಎಬ್ಬಿಸಬೇಕು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ಮತ್ತೆ ಮತ್ತೆ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಳ್ಳದಿದ್ದರೆ ಸೀಳುತ್ತದೆ. ಒಳಗಿನಿಂದ ಉಬ್ಬಿಸಿದ ಮೇಲೆ ಪಾತ್ರೆಯ ತುಂಬ ಅರಗು ಕರಗಿಸಿ ಹೊಯ್ದು, ಅದರ ಆಸರೆಯಲ್ಲಿ ಹೊರಗಿನಿಂದ ಸಣ್ಣ ಚಾಣಗಳಿಂದ ಕಣ್ಣು, ಮೂಗು, ಕಿರೀಟಗಳನ್ನು ಬಿಡಿಸುತ್ತಾರೆ. ಆಮೇಲೆ ಕೊಕ್ಕು, ಹಿಡಿಗಳ ಬೆಸುಗೆ. ಬೆಸುಗೆಯ ಲೋಹ ಬೆಳ್ಳಿಗಿಂತ ಮೊದಲು ಕರಗಬೇಕು. ಉರಿ ಸ್ವಲ್ಪ ಮೀರಿದರೆ ಅಷ್ಟು ದಿನದ ಕೆಲಸ ಮುದ್ದೆಯಾದೀತು. ಶಾಖವನ್ನು ಬೆಳ್ಳಿಯಷ್ಟು ಬೇಗ ಸಾಗಿಸುವ ಲೋಹ ಬೇರೊಂದಿಲ್ಲ. ಅದಕ್ಕೇ ಹಿಡಿಯ ಎರಡು ಕಡೆಯೂ ದಂತದ ಬಿಲ್ಲೆಗಳಿದ್ದವು.

ಪಾತ್ರೆಯ ಆಕಾರ ಪರದೇಶದ್ದು ನಿಜ. ಕೊಕ್ಕಿನ ಮರ್ಮ ಮಾತ್ರ ತೀರ್ಥದ ಗಿಂಡಿ ಮಾಡಿ ಪಳಗಿದ ಕೈಗೆ ಹೊಸದಾಗಿರಲಾರದು. ನೀರು ತುಂಬಿ ಬಗ್ಗಿಸಿದೆ. ಧಾರೆ ನಿಂತಾಗ ಒಂದು ಹನಿಯೂ ಕೊಕ್ಕಿನ ಕೆಳಗೆ ಇಳಿಯಲಿಲ್ಲ.

ಮುದ್ರೆಯಿದ್ದದ್ದು ಅಂಗಡಿಯದು. ವೇಣುಗೋಪಾಲನ ಕಾಲುಗುರುಗಳನ್ನೂ ಮರೆಯದೆ ಬಿಡಿಸಿದ ಅಕ್ಕಸಾಲಿಗನ ಹೆಸರಿಗೆ ಒಂದಕ್ಷರದ ಜಾಗವಿರಲಿಲ್ಲ. ಮೂಸೆಗೆ ಹಾಕಿದರೆ ಬೆಳ್ಳಿಗೇನೂ ನಷ್ಟವಿಲ್ಲ, ಅವನು ಇದ್ದನೆಂಬುದಕ್ಕೆ ಈ ಮನೆಯಲ್ಲಿರುವ ಗುರುತು ಅಳಿಯುತ್ತದೆ ಎಂದೆ. ಹಿರಿಯರು ಮಾತಾಡಲಿಲ್ಲ. ಕಿರಿಯವರು ಗಿಂಡಿಯನ್ನು ಎತ್ತಿಕೊಂಡು ತಾವೂ ಒಮ್ಮೆ ನೀರು ಬಗ್ಗಿಸಿ ನೋಡಿದರು.

ಗಿಂಡಿ ಈಗ ಹಿರಿಯರ ಬೀರುವಿನಲ್ಲಿದೆ. ತಮ್ಮಂದಿರಿಬ್ಬರ ಪಾಲಿನ ಹಣವನ್ನು ಅವರು ಕಂತುಗಳಲ್ಲಿ ಸಲ್ಲಿಸುತ್ತಿದ್ದಾರೆ.