ಕಂಟ್ರಾಕ್ಟರನನ್ನು ಗೊತ್ತುಮಾಡುವ ಮೊದಲು



ಮುಂಬಯಿಯಲ್ಲಿ ಹಳೆಯ ಫ್ಲ್ಯಾಟಿನ ರಿಪೇರಿ ಎಂದರೆ ವರ್ಷಗಳ ಉಳಿತಾಯವನ್ನು ಅಪರಿಚಿತನೊಬ್ಬನ ಕೈಗೆ ಕೊಡುವುದು. ಅವನು ಮೊಬೈಲಿನಲ್ಲಿ ತೋರಿಸುವ ಫೋಟೋಗಳನ್ನು ನಾನು ನಂಬುವುದಿಲ್ಲ. ಎರಡು ವರ್ಷದ ಹಿಂದೆ ಕೆಲಸ ಮಾಡಿದ ಮನೆಯೊಂದರ ವಿಳಾಸ ಕೇಳಿ. ಹೋಗಿ ಬಚ್ಚಲುಮನೆ ನೋಡಿ, ಆಮೇಲೆ ಅದರ ಕೆಳಗಿನ ಮನೆಯ ಬಾಗಿಲು ತಟ್ಟಿ. ಸೀಲಿಂಗ್ ಸೋರುತ್ತಿದೆಯೇ ಎಂಬುದನ್ನು ಅವರಷ್ಟು ನಿಜವಾಗಿ ಯಾರೂ ಹೇಳರು.

ಅಳತೆ ವಿಚಾರಿಸಿದರೆ "ಸಾಹೇಬರು ಬರಲಿ, ಮಾತಾಡೋಣ" ಎನ್ನುವವರಿದ್ದಾರೆ. ಅಂಥವನಿಗೆ ಚಹಾ ಕೊಟ್ಟು ಕಳುಹಿಸಿಬಿಡಿ. ತಿಂಗಳುಗಟ್ಟಲೆ ಧೂಳು ಕುಡಿಯುವವರು ನಾವು!

ಕೊಟೇಶನ್ನಿನಲ್ಲಿ "ಒಳ್ಳೆಯ ಪ್ಲೈವುಡ್" ಎಂದಷ್ಟೇ ಇದ್ದರೆ ಬರೆಯದಿದ್ದ ಹಾಗೆಯೇ. ಸಿಂಕಿನ ಕೆಳಗಿನ ಕಪಾಟಿಗೆ ಐ.ಎಸ್. 710 ಎಂದು ಬರೆಸಿ, ಹಲಗೆ ಬಂದಾಗ ಮುದ್ರೆ ನೋಡಿ. ರಬಿಟ್ ಸಾಗಿಸುವ ಖರ್ಚು ಯಾರದ್ದೆಂದೂ ಬರೆಸಿ. ಕೊನೆಗೆ ಜಗಳವಾಗುವುದು ಅಲ್ಲೇ.

ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದಮೇಲೆ, ಲಾದಿ ಕೂರಿಸುವ ಮೊದಲು, ನೀರು ಕಟ್ಟಿ 24 ಗಂಟೆಯಾದರೂ ಬಿಡಬೇಕು, 48 ಆದರೆ ಇನ್ನೂ ಒಳ್ಳೆಯದು. "ಟೈಮ್ ಇಲ್ಲ ಮೇಡಂ" ಎಂದರೆ ಆ ಹಂತದ ಹಣ ತಡೆಯಿರಿ. ಇನ್ನು, ಗೋಡೆ ಒಡೆದು ಹಾಲ್ ದೊಡ್ಡದು ಮಾಡಬಹುದೇ ಎಂಬುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕು, ಕಂಟ್ರಾಕ್ಟರ್ ಅಲ್ಲ. ನಮ್ಮ ಒಂದು ಗೋಡೆಯ ಮೇಲೆ ಇಡೀ ಕಟ್ಟಡದವರ ಜೀವವಿದ್ದೀತು. ಸೊಸೈಟಿಯ ಲಿಖಿತ ಅನುಮತಿಯೂ ಬೇಕು.

ಹಣ ಬ್ಯಾಂಕಿನ ಮೂಲಕ, ಕೆಲಸ ಮುಗಿದಷ್ಟಕ್ಕೆ ಮಾತ್ರ. ಕೊನೆಯ ಶೇಕಡಾ 10 ನಮ್ಮ ಬಳಿಯೇ ಇರಲಿ. ಕಿಟಕಿ, ಬಾಲ್ಕನಿಯ ಕೆಲಸವಿದ್ದರೆ ಅದನ್ನು ಮೊದಲ ಜೋರು ಮಳೆ ಕಳೆದ ಮೇಲೆ ಕೊಡುತ್ತೇವೆಂದು ಕರಾರಿನಲ್ಲೇ ಬರೆಸಿಬಿಡಿ.